ಸಂಘದ ಲೆಟರ್‌ಹೆಡ್ ಮೇಲೆ ಮೂರು ಸಿಂಹ ಹಾಕಿಸಿದ್ದೇವೆ, ಈಗ ಏನು ಮಾಡೋದು?

ಪ್ರಶ್ನೆ: ಸರ್, ನಮ್ಮದು ಹಾನಗಲ್ ಹತ್ತಿರದ ಒಂದು ಊರು. ನಮ್ಮ ಹೈಸ್ಕೂಲಿಗೆ ಈ ವರ್ಷ 50 ತುಂಬುತ್ತದೆ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದೇವೆ, ನಾನು ಕಾರ್ಯದರ್ಶಿ. ದೇಣಿಗೆ ಕೇಳೋಕೆ ಹೋಗುವಾಗ ಒಂದು ತೂಕ ಇರಲಿ ಅಂತ ಲೆಟರ್‌ಹೆಡ್ ಮೇಲೆ ಮೂರು ಸಿಂಹದ ಲಾಂಛನ ಹಾಕಿಸಿದೆವು. 500 ಹಾಳೆ ಪ್ರಿಂಟ್ ಆಗಿದೆ, ರಸೀದಿ ಪುಸ್ತಕಗಳೂ ಆಗಿವೆ. ಶಾಲೆಯ ಕಮಾನಿನ ಮೇಲೂ ಅದನ್ನೇ ಸಿಮೆಂಟಿನಲ್ಲಿ ಮಾಡಿಸೋ ಯೋಚನೆ ಇತ್ತು. ಈಗ ನಮ್ಮ ಮೇಷ್ಟ್ರೊಬ್ಬರು "ಇದು ಅಪರಾಧ, ಜೈಲಾಗುತ್ತೆ" ಅಂದರು. ಸಂಘದಲ್ಲಿರುವ ವಕೀಲರು "ಸತ್ಯಮೇವ ಜಯತೇ ತೆಗೆದು ಸಂಘದ ಹೆಸರು ಹಾಕಿದ್ದೇವೆ, ಹಾಗಾಗಿ ಅದು ಸರ್ಕಾರದ ಲಾಂಛನವೇ ಅಲ್ಲ" ಅಂತಾರೆ. ಅವರ ವಿಸಿಟಿಂಗ್ ಕಾರ್ಡ್ ಮೇಲೂ ಸಿಂಹ ಇದೆ. ಗೌರವಾಧ್ಯಕ್ಷರು ನಿವೃತ್ತ ಅಧಿಕಾರಿ. ಅವರ ಕಾರಿನ ಮೇಲೂ ಇದೆ, "ನನಗೆ ಜೀವಮಾನದ ಹಕ್ಕು" ಅಂತಾರೆ. ಊರಿನ ಹಿರಿಯರೊಬ್ಬರು "ಕಮಲ ಇಲ್ಲದ ಸಿಂಹ ಭಿನ್ನವಾದ ಮೂರ್ತಿ, ಬಾಗಿಲ ಮೇಲೆ ಇಡಬಾರದು" ಅಂತ ಬೇರೆ ಹೇಳಿದರು. ಕೆಲವರು ಸಿಂಹ ಬೇಡ, ಗಂಡಭೇರುಂಡ ಹಾಕೋಣ ಅಂತಿದ್ದಾರೆ. ನಿಜ ಯಾವುದು? ಆ ಪ್ರಾಣಿಗಳಿಗೆ ಏನರ್ಥ? ನಾವೀಗ ಏನು ಮಾಡಬೇಕು?

ಉತ್ತರ: ಮೊದಲು ಭಯದ ಮಾತು ಮುಗಿಸಿಬಿಡೋಣ. ನಾಳೆ ಬೆಳಿಗ್ಗೆ ಯಾರೋ ಬಂದು ನಿಮ್ಮನ್ನು ಹಿಡಿದುಕೊಂಡು ಹೋಗುತ್ತಾರೆ ಅಂತೇನೂ ಇಲ್ಲ. ರಾಷ್ಟ್ರ ಲಾಂಛನದ ದುರ್ಬಳಕೆ ತಡೆಯಲು ಒಂದು ಕಾಯ್ದೆ ಇದೆ, ಅದರಲ್ಲಿ ಕೇಸು ಹಾಕಬೇಕಾದರೆ ಕೇಂದ್ರ ಸರ್ಕಾರದ ಮಂಜೂರಾತಿ ಮೊದಲೇ ಬೇಕು, ಇಲ್ಲವೇ ಅದು ಅಧಿಕಾರ ಕೊಟ್ಟಿರುವ ಅಧಿಕಾರಿಯದು ಬೇಕು. ಆದರೆ ನಿಮ್ಮ ಮೇಷ್ಟ್ರು ಹೇಳಿದ್ದು ಸರಿ. ಆ 500 ಹಾಳೆಗಳಲ್ಲಿ ಇನ್ನೊಂದನ್ನೂ ಬಳಸಬೇಡಿ. ರಸೀದಿ ಪುಸ್ತಕವನ್ನಂತೂ ಇವತ್ತೇ ನಿಲ್ಲಿಸಿ.

ನಾನು ಲಾಂಛನ ಬರೆಯುವ ಕೆಲಸಕ್ಕೆ ಬಂದು ಮೂವತ್ತು ವರ್ಷ ದಾಟಿತು. ಶುರು ಮಾಡಿದ್ದು ಒಂದು ಸಣ್ಣ ಪ್ರೆಸ್ಸಿನಲ್ಲಿ, ಅಚ್ಚಿನ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಕೈಯಲ್ಲಿ ಜೋಡಿಸುತ್ತಿದ್ದ ಕಾಲದಲ್ಲಿ. ಅಲ್ಲಿ ಗೂಡಿನಲ್ಲಿ ಗಣಪತಿ ಬ್ಲಾಕು, ಮದುವೆ ಕಾಗದದ ಬ್ಲಾಕು ಇರುತ್ತಿದ್ದ ಹಾಗೆ ಮೂರು ಸಿಂಹದ ಬ್ಲಾಕೂ ಇತ್ತು. ಯಾರು ಕೇಳಿದರೂ ಹಾಕಿ ಕೊಡುತ್ತಿದ್ದರು. ಸೊಸೈಟಿ, ಯುವಕ ಸಂಘ, ಒಮ್ಮೆ ಒಂದು ಬೀಜದ ಅಂಗಡಿಗೂ ಹಾಕಿದ್ದು ನೆನಪಿದೆ. ಕೇಳಿ ಬರುತ್ತಿದ್ದವರಲ್ಲಿ ಮೋಸ ಮಾಡುವ ಉದ್ದೇಶದವರು ತೀರಾ ಕಡಿಮೆ. ಹೆಚ್ಚಿನವರಿಗೆ ಅದು ದೇಶದ ಗುರುತು, ಹಾಕಿಕೊಂಡರೆ ಗೌರವ ಅನ್ನುವ ಭಾವನೆ. ನಿಮ್ಮದೂ ಅದೇ ಅಂತ ನಾನು ನಂಬುತ್ತೇನೆ. ಆದರೆ ನಿಮ್ಮ ಪ್ರಶ್ನೆಯಲ್ಲೇ "ಒಂದು ತೂಕ ಇರಲಿ ಅಂತ" ಅಂದಿದ್ದೀರಿ ನೋಡಿ, ತೊಂದರೆ ಇರುವುದು ಅಲ್ಲೇ. ಆ ತೂಕ ಸಂಘದ್ದಲ್ಲ, ಸರ್ಕಾರದ್ದು. ರಸೀದಿಯ ತಲೆಯ ಮೇಲೆ ಸಿಂಹ ಕಂಡರೆ ಕೊಡುವವನಿಗೆ ಇದು ಸರ್ಕಾರಿ ಕೆಲಸ, ಇಲ್ಲ ಅನ್ನುವ ಹಾಗಿಲ್ಲ ಅನ್ನಿಸುತ್ತದೆ. ಕಾನೂನು ತಡೆಯಲು ಹೊರಟಿರುವುದೂ ಅದನ್ನೇ.

ರಾಷ್ಟ್ರ ಲಾಂಛನದ ದುರ್ಬಳಕೆ ತಡೆಯುವ ಕಾಯ್ದೆ ಬಂದದ್ದು 2005ರಲ್ಲಿ. ಯಾರು, ಎಲ್ಲಿ, ಹೇಗೆ ಬಳಸಬಹುದು ಅನ್ನುವ ನಿಯಮಗಳು 2007ರಲ್ಲಿ ಬಂದವು. ಲಾಂಛನವನ್ನಾಗಲಿ, ಅದರ ಹಾಗೇ ಕಾಣುವ ನಕಲನ್ನಾಗಲಿ, ಇದು ಸರ್ಕಾರಕ್ಕೆ ಸೇರಿದ್ದು ಅನ್ನುವ ಭಾವನೆ ಬರುವ ಹಾಗೆ ಬಳಸಬಾರದು ಅಂತ ಕಾಯ್ದೆ ಹೇಳುತ್ತದೆ. ತಪ್ಪಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 5,000 ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ವ್ಯಾಪಾರ, ವೃತ್ತಿಯಲ್ಲಿ ಅನ್ಯಾಯದ ಲಾಭಕ್ಕಾಗಿ ಬಳಸಿದರೆ ಕನಿಷ್ಠ 6 ತಿಂಗಳು ಜೈಲು ಅಂತಲೇ ಇದೆ. ಇನ್ನು ನಿಯಮಗಳಂತೂ ನಿಮ್ಮ ವಿಷಯದಲ್ಲಿ ಸ್ಪಷ್ಟವಾಗಿವೆ: ಯಾವ ಸಂಘವೂ, ನೋಂದಣಿ ಆಗಿರಲಿ ಬಿಡಲಿ, ಲೆಟರ್‌ಹೆಡ್ಡು, ಕರಪತ್ರ, ಬ್ಯಾಡ್ಜು, ಮೊಹರು ಯಾವುದರ ಮೇಲೂ ಅದನ್ನು ಹಾಕಬಾರದು. ನಗರಸಭೆ, ಪಂಚಾಯಿತಿ, ಬ್ಯಾಂಕು, ವಿಶ್ವವಿದ್ಯಾಲಯಗಳಿಗೂ ಪ್ರತ್ಯೇಕ ಅನುಮತಿ ಇಲ್ಲದೆ ಇದು ಸಿಗುವುದಿಲ್ಲ. ಹಾಗಿರುವಾಗ ಅನುಮತಿಗೆ ಅರ್ಜಿ ಹಾಕೋಣ ಅಂತ ಯಾರಾದರೂ ಅಂದರೆ ಅದಕ್ಕೆ ಅಂಚೆ ಖರ್ಚು ಮಾಡಬೇಡಿ.

ವಕೀಲರ ಮಾತಿಗೆ ಬರುತ್ತೇನೆ. ಸತ್ಯಮೇವ ಜಯತೇ ತೆಗೆದರೆ ಅದು ಲಾಂಛನವಲ್ಲ ಅನ್ನುವ ವಾದ ನಾನು ಬಹಳ ಸಲ ಕೇಳಿದ್ದೇನೆ. ಅರ್ಧ ಸತ್ಯ ಇದೆ. ದೇವನಾಗರಿಯಲ್ಲಿ ಬರೆದ ಆ ವಾಕ್ಯ ಲಾಂಛನದ ಭಾಗವೇ, ಅದಿಲ್ಲದಿದ್ದರೆ ಲಾಂಛನ ಪೂರ್ತಿಯಲ್ಲ. ಆದರೆ ಪೂರ್ತಿಯಲ್ಲ ಅಂದ ಮಾತ್ರಕ್ಕೆ ಬೇರೆಯದು ಅಂತ ಆಗುವುದಿಲ್ಲ. ನಕಲನ್ನೂ ಸೇರಿಸಿಯೇ ಕಾಯ್ದೆ ಬರೆದಿದ್ದಾರಲ್ಲ. ರಸ್ತೆಯಲ್ಲಿ ಹೋಗುವ ನೂರು ಜನರಿಗೆ ನಿಮ್ಮ ಲೆಟರ್‌ಹೆಡ್ ತೋರಿಸಿ, ಇದು ಯಾರದ್ದು ಅಂತ ಕೇಳಿ. ಸರ್ಕಾರದ್ದು ಅಂತಲೇ ಅನ್ನುತ್ತಾರೆ. ಇನ್ನು ಅವರ ವಿಸಿಟಿಂಗ್ ಕಾರ್ಡ್. ಲಾಂಛನ ಬಳಸುವ ಹಕ್ಕು ಇರುವವರು ಕೂಡ ಅದಿರುವ ಕಾರ್ಡು, ಲೆಟರ್‌ಹೆಡ್ ಮೇಲೆ ಹೆಸರಿನ ಜೊತೆ ವಕೀಲ, ಸಂಪಾದಕ, ಚಾರ್ಟರ್ಡ್ ಅಕೌಂಟೆಂಟ್ ಅಂತ ಹಾಕಬಾರದು ಎಂದು ನಿಯಮದಲ್ಲೇ ಇದೆ. ಹಕ್ಕೇ ಇಲ್ಲದವರ ಮಾತು ಹೇಳಬೇಕಿಲ್ಲ.

ಗೌರವಾಧ್ಯಕ್ಷರಿಗೆ ಇದನ್ನು ಹೇಳುವುದು ನಿಮಗೆ ಕಷ್ಟ ಆಗಬಹುದು. ಸರ್ವಿಸ್ ಪೂರ್ತಿ ಆ ಸಿಂಹದ ಕೆಳಗೇ ಕೂತು ಸಹಿ ಹಾಕಿದವರು, ಅದು ತಮ್ಮದೇ ಅನ್ನಿಸುವುದು ಸಹಜ. ಆದರೆ ಹಕ್ಕು ಹುದ್ದೆಯದು, ಮನುಷ್ಯನದಲ್ಲ. ಮಾಜಿ ಮಂತ್ರಿ, ಮಾಜಿ ಸಂಸದ, ಮಾಜಿ ಶಾಸಕ, ಮಾಜಿ ನ್ಯಾಯಾಧೀಶ, ನಿವೃತ್ತ ಅಧಿಕಾರಿ, ಯಾರೂ ಬಳಸಬಾರದು ಅಂತ ಹೆಸರಿಸಿಯೇ ಬರೆದಿದ್ದಾರೆ. ವಾಹನಗಳ ವಿಷಯದಲ್ಲಿ ಇನ್ನೂ ಬಿಗಿ. ಯಾರ ಕಾರಿಗೆ ಅನ್ನುವ ಪಟ್ಟಿಯೇ ಬೇರೆ ಇದೆ. ಅವರಿಗೆ ಸಭೆಯಲ್ಲಿ ಎಲ್ಲರ ಮುಂದೆ ಹೇಳಬೇಡಿ, ಮನೆಗೆ ಹೋಗಿ ಹೇಳಿ.

ಈಗ ಲಾಂಛನದ ಒಳಗೆ ಹೋಗೋಣ, ನನಗೆ ಇಷ್ಟದ ಭಾಗ ಅದು.

ಮೂಲ ಇರುವುದು ವಾರಾಣಸಿ ಹತ್ತಿರದ ಸಾರನಾಥದಲ್ಲಿ. ಅಶೋಕ ಅಲ್ಲಿ ಒಂದು ಕಂಬ ನಿಲ್ಲಿಸಿದ. ಕ್ರಿಸ್ತಪೂರ್ವ 250ರ ಆಸುಪಾಸು. ಬುದ್ಧ ಮೊದಲ ಸಲ ಬೋಧನೆ ಮಾಡಿದ ಜಾಗ ಅದು. ಕಂಬದ ತುದಿಗೆ ಕೂರಿಸಿದ ಕಲ್ಲಿನ ತಲೆಯೇ ಈ ಸಿಂಹಗಳು. ಚುನಾರ್ ಅನ್ನುವ ಊರಿನ ಮರಳುಗಲ್ಲು, ಸುಮಾರು 7 ಅಡಿ ಎತ್ತರ. ಅದರ ಮೇಲಿನ ಹೊಳಪು ನೋಡಿದರೆ ಎರಡು ಸಾವಿರ ವರ್ಷ ದಾಟಿದ ಕಲ್ಲು ಅಂತ ನಂಬೋಕೆ ಆಗುವುದಿಲ್ಲ. 1904–05ರ ಚಳಿಗಾಲದಲ್ಲಿ ಓರ್ಟೆಲ್ ಅನ್ನುವ ಎಂಜಿನಿಯರ್ ಅಲ್ಲಿ ಅಗೆಸಿದಾಗ ಅದು ಸಿಕ್ಕಿತು. ಈಗ ಸಾರನಾಥದ ಮ್ಯೂಸಿಯಂನಲ್ಲಿದೆ. ಕಂಬದ ಬುಡ ಮಾತ್ರ ಅಗೆದ ಜಾಗದಲ್ಲೇ ಇದೆ, ಅದರ ಮೇಲೆ ಅಶೋಕನ ಒಂದು ಶಾಸನವೂ ಇದೆ. ಆ ಶಾಸನ ಏನು ಹೇಳುತ್ತದೆ ಗೊತ್ತಾ? ಸಂಘವನ್ನು ಯಾರೂ ಒಡೆಯಬಾರದು ಅಂತ. ಅವನು ಹೇಳಿದ್ದು ಭಿಕ್ಷುಗಳ ಸಂಘದ ಬಗ್ಗೆ.

ಅಲ್ಲಿರುವುದು ನಾಲ್ಕು ಸಿಂಹ. ಬೆನ್ನಿಗೆ ಬೆನ್ನು ಕೊಟ್ಟು ನಾಲ್ಕು ದಿಕ್ಕಿಗೆ ನೋಡುತ್ತಿವೆ. ಎದುರಿಗೆ ನಿಂತು ನೋಡಿದರೆ ಮೂರು ಕಾಣುತ್ತವೆ, ನಾಲ್ಕನೆಯದು ಹಿಂದೆ ಮರೆಯಾಗುತ್ತದೆ. ಚಪ್ಪಟೆ ಹಾಳೆಯ ಮೇಲೆ ಬರೆದಾಗ ಮೂರೇ ಆಯಿತು, ಅಷ್ಟೇ. ಕಾಣದ ನಾಲ್ಕನೇ ಸಿಂಹ ಪೊಲೀಸ್ ಅನ್ನುವುದು ಸಿನಿಮಾದಿಂದ ಜನರ ಬಾಯಿಗೆ ಬಂದ ಮಾತು. ಕೇಳೋಕೆ ಚೆನ್ನಾಗಿದೆ, ಆದರೆ ಲಾಂಛನಕ್ಕೂ ಅದಕ್ಕೂ ಸಂಬಂಧ ಇಲ್ಲ. ಬುದ್ಧನಿಗೆ ಶಾಕ್ಯಸಿಂಹ ಅಂತ ಹೆಸರಿದೆ, ಅವನ ಬೋಧನೆಯನ್ನು ಸಿಂಹನಾದ ಅನ್ನುತ್ತಾರೆ. ನಾಲ್ಕು ದಿಕ್ಕಿಗೂ ಆ ದನಿ ಹೋಗಲಿ ಅನ್ನುವುದು ಬಹಳ ವಿದ್ವಾಂಸರು ಒಪ್ಪುವ ಅರ್ಥ.

ಸಿಂಹಗಳ ಕಾಲ ಕೆಳಗೆ ದುಂಡಗಿನ ಪೀಠ. ಅದರ ಸುತ್ತ ಆನೆ, ಕುದುರೆ, ಗೂಳಿ, ಸಿಂಹ ಒಂದರ ಹಿಂದೆ ಒಂದು ಹೊರಟಿವೆ, ನಡುನಡುವೆ ಒಂದೊಂದು ಚಕ್ರ. ಲಾಂಛನದಲ್ಲಿ ನಮಗೆ ಕಾಣುವುದು ನಡುವೆ ಚಕ್ರ, ಬಲಕ್ಕೆ ಗೂಳಿ, ಎಡಕ್ಕೆ ಓಡುವ ಕುದುರೆ, ತೀರಾ ಅಂಚಿನಲ್ಲಿ ಇನ್ನೆರಡು ಚಕ್ರಗಳ ಗೆರೆ. ಆ ಚಕ್ರಕ್ಕೆ 24 ಕಡ್ಡಿ, ನಮ್ಮ ಬಾವುಟದ ಮೇಲಿರುವುದೂ ಅದೇ ಚಕ್ರ.

ಗೂಳಿ ಅಂದರೆ ದುಡಿಮೆ, ಕುದುರೆ ಅಂದರೆ ವೇಗ, ಸಿಂಹ ಅಂದರೆ ಧೈರ್ಯ ಅಂತ ಎಷ್ಟೋ ಭಾಷಣಗಳಲ್ಲಿ ಕೇಳುತ್ತೇವೆ ಅಲ್ವಾ. ನಿಮ್ಮ ಸುವರ್ಣ ಮಹೋತ್ಸವದ ಭಾಷಣದಲ್ಲೂ ಯಾರಾದರೂ ಹೇಳಬಹುದು. ಕಾಯ್ದೆಯಲ್ಲಿ ಹಾಗೇನೂ ಬರೆದಿಲ್ಲ, ಎಲ್ಲಿ ಯಾವ ಪ್ರಾಣಿ ಇದೆ ಅಂತ ಮಾತ್ರ ಇದೆ. ಅಶೋಕನೂ ತನ್ನ ಶಾಸನಗಳಲ್ಲಿ ಇವುಗಳ ಅರ್ಥ ಹೇಳಿಲ್ಲ. ಕೆಲವರು ಬುದ್ಧನ ಬದುಕಿನ ಜೊತೆ ಸೇರಿಸಿ ಓದುತ್ತಾರೆ. ಮಾಯಾದೇವಿಯ ಕನಸಿಗೆ ಬಂದ ಆನೆ, ಅರಮನೆ ಬಿಟ್ಟು ಹೊರಟಾಗ ಹತ್ತಿದ ಕುದುರೆ ಕಂಥಕ, ಹೀಗೆ. ಇನ್ನು ಕೆಲವರು ನಾಲ್ಕು ದಿಕ್ಕು ಅನ್ನುತ್ತಾರೆ. ಎರಡಕ್ಕೂ ಆಧಾರ ಇದೆ, ಯಾವುದೂ ಕೊನೆಯ ಮಾತಲ್ಲ. ಒಳ್ಳೆಯ ಲಾಂಛನದ ಗುಣವೇ ಅದು ಅಂತ ನನಗೆ ಅನ್ನಿಸುತ್ತದೆ. ಪಕ್ಕದಲ್ಲಿ ನಿಂತು ಅರ್ಥ ಹೇಳುವವರಿಲ್ಲದಿದ್ದರೂ ಅದು ನಿಲ್ಲುತ್ತದೆ.

ಸತ್ಯಮೇವ ಜಯತೇ ಅನ್ನುವುದು ಆ ಕಂಬದ ಮೇಲೆ ಇತ್ತು ಅಂತ ಬಹಳ ಜನ ತಿಳಿದಿದ್ದಾರೆ. ಇರಲಿಲ್ಲ. ಅಶೋಕ ಬರೆಸಿದ್ದು ಪ್ರಾಕೃತದಲ್ಲಿ, ಬ್ರಾಹ್ಮಿ ಲಿಪಿಯಲ್ಲಿ. ಈ ವಾಕ್ಯ ಮುಂಡಕ ಉಪನಿಷತ್ತಿನದು. ಅಂದರೆ ಬೌದ್ಧರ ಕಲ್ಲಿನ ಕೆಳಗೆ ಉಪನಿಷತ್ತಿನ ಮಾತು ಇಟ್ಟಿದ್ದಾರೆ. ಹೊಸ ದೇಶ ಕಟ್ಟುವಾಗ ಎರಡು ಬೇರೆ ದಾರಿಗಳನ್ನು ಹೀಗೆ ಹತ್ತಿರ ತಂದಿದ್ದು ನನಗೆ ಪ್ರತಿ ಸಲ ನೋಡಿದಾಗಲೂ ಹಿಡಿಸುತ್ತದೆ. ಲಾಂಛನ ಅಧಿಕೃತವಾಗಿ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಆದರೆ ಸಿಂಹಗಳು ಅದಕ್ಕೂ ಮೊದಲೇ ಜನರ ಕೈಗೆ ಬಂದಿದ್ದವು, 1947ರ ಡಿಸೆಂಬರಿನ ಅಂಚೆ ಚೀಟಿಯಲ್ಲಿ, 1949ರ ಒಂದು ರೂಪಾಯಿ ನೋಟಿನಲ್ಲಿ.

ಹಿರಿಯರು ಕೇಳಿದ ಕಮಲದ ಮಾತು ನನಗೆ ಬಹಳ ಇಷ್ಟವಾಯಿತು. ಅವರ ಕಣ್ಣು ಸರಿಯಾಗಿದೆ. ಮೂಲ ಕಲ್ಲಿನಲ್ಲಿ ಪೀಠದ ಕೆಳಗೆ ಗಂಟೆಯ ಆಕಾರದಲ್ಲಿ ಕೆಳಮುಖವಾದ ಕಮಲ ಇದೆ, ಲಾಂಛನದಲ್ಲಿ ಇಲ್ಲ. ಅದು ಮುರಿದು ಹೋಗಿದ್ದಲ್ಲ, ಬೇಕಂತಲೇ ಬಿಟ್ಟದ್ದು. ಬರೆಯುವವನ ಕಣ್ಣಿನಿಂದ ನೋಡಿದರೆ ಅದು ಒಳ್ಳೆಯ ನಿರ್ಧಾರ. ಕಮಲ ಇದ್ದರೆ ಆಕೃತಿ ಉದ್ದವಾಗುತ್ತದೆ, ಮೊಹರಿನಲ್ಲಿ, ನಾಣ್ಯದಲ್ಲಿ ಸಿಂಹಗಳ ಮುಖ ಸಾಸಿವೆಯಷ್ಟಾಗುತ್ತದೆ. ಬಿಟ್ಟಿದ್ದರಿಂದ ಪೀಠವೇ ನೆಲವಾಯಿತು, ಮುಖಗಳು ದೊಡ್ಡದಾದವು. ನಿಜವಾಗಿ ಮುರಿದು ಹೋದದ್ದು ಇನ್ನೊಂದಿದೆ. ಸಿಂಹಗಳ ತಲೆಯ ಮೇಲೆ 32 ಕಡ್ಡಿಗಳ ದೊಡ್ಡ ಧರ್ಮಚಕ್ರ ಇತ್ತು, ಅದರ ಚೂರುಗಳು ಮಾತ್ರ ಸಿಕ್ಕಿವೆ. ಸುಪ್ರೀಂ ಕೋರ್ಟಿನ ಲಾಂಛನ ನೋಡಿದರೆ ಆ ಚಕ್ರ ಸಿಂಹಗಳ ಮೇಲೆ ಕಾಣುತ್ತದೆ, ಕೆಳಗೆ "ಯತೋ ಧರ್ಮಸ್ತತೋ ಜಯಃ" ಅಂತ ಇರುತ್ತದೆ.

ಭಿನ್ನವಾದ ಮೂರ್ತಿ ಇಡಬಾರದು ಅನ್ನುವುದು ಪೂಜೆಯ ಮೂರ್ತಿಗೆ ಇರುವ ನಂಬಿಕೆ. ಲಾಂಛನ ಗುರುತು, ಪೂಜೆಗೆ ಇಟ್ಟದ್ದಲ್ಲ. ಹಿರಿಯರಿಗೆ ಹಾಗೇ ಹೇಳಿ, ಅವರಿಗೆ ಅರ್ಥವಾಗುತ್ತದೆ. ಕಮಾನಿನ ಮೇಲೆ ಸಿಂಹ ಬೇಡ ಅನ್ನಲು ಬೇರೆ ಕಾರಣ ಇದೆ. ಯಾವ ಕಟ್ಟಡಗಳ ಮೇಲೆ ಹಾಕಬಹುದು ಅಂತಲೂ ನಿಯಮಗಳಲ್ಲಿ ಹೇಳಿದೆ. ರಾಷ್ಟ್ರಪತಿ ಭವನ, ಸಂಸತ್ತು, ಸುಪ್ರೀಂ ಕೋರ್ಟು, ರಾಜಭವನ, ಹೈಕೋರ್ಟು, ಇಂಥವು. ಬೆಂಗಳೂರಿನಲ್ಲಿ ವಿಧಾನಸೌಧದ ನೆತ್ತಿಯ ಮೇಲೆ ನೀವು ನೋಡಿರುತ್ತೀರಿ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 2022ರ ಜುಲೈ 11ರಂದು ಹೊಸ ಸಂಸತ್ ಭವನದ ಮೇಲಿನ ಸಿಂಹಗಳನ್ನು ಅನಾವರಣ ಮಾಡಿದಾಗ ಅವು ಸಿಟ್ಟಾಗಿವೆ, ಹಲ್ಲು ಜಾಸ್ತಿ ಕಾಣುತ್ತದೆ ಅಂತ ದೇಶವೆಲ್ಲ ಜಗಳ ಆಯಿತಲ್ಲ. 6.5 ಮೀಟರ್ ಎತ್ತರ, 9,500 ಕಿಲೋ ತೂಕದ ಕಂಚು ಅದು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು, ಕೋರ್ಟು ಅರ್ಜಿ ವಜಾ ಮಾಡಿತು. ಸಾರನಾಥದ ಸಿಂಹಗಳ ಬಾಯಿಯೂ ತೆರೆದೇ ಇದೆ. ಆದರೆ ಒಂದು ಕಲ್ಲನ್ನು ಮೂರು ಪಟ್ಟು ದೊಡ್ಡದು ಮಾಡಿ ಕೆಳಗಿನಿಂದ ಫೋಟೋ ತೆಗೆದಾಗ ಗೆರೆಯೊಂದು ಕೂದಲೆಳೆಯಷ್ಟು ಆಚೀಚೆ ಆದರೂ ಮುಖದ ಭಾವ ಬದಲಾಗುತ್ತದೆ. ನಿಮ್ಮ ಕಮಾನಿಗೆ ಸಿಮೆಂಟಿನಲ್ಲಿ ಯಾವ ಪ್ರಾಣಿ ಮಾಡಿಸಿದರೂ ಈ ಪಾಠ ನಿಮಗೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ಗಂಡಭೇರುಂಡದ ವಿಷಯ. ನಮ್ಮ ರಾಜ್ಯದ ಲಾಂಛನವನ್ನು ಒಮ್ಮೆ ನಿಧಾನವಾಗಿ ನೋಡಿ. ಕೆಂಪು ಗುರಾಣಿ, ಅದರಲ್ಲಿ ಬಿಳಿ ಗಂಡಭೇರುಂಡ, ನೀಲಿ ಅಂಚು. ಎರಡೂ ಕಡೆ ಹಳದಿ ಮೈಯ, ಕೆಂಪು ಕೇಸರದ ಶರಭ, ಸಿಂಹದ ಮೈಗೆ ಆನೆಯ ಮುಖ. ಮೇಲೆ ಅಶೋಕನ ಸಿಂಹಗಳು, ಕೆಳಗೆ ಸತ್ಯಮೇವ ಜಯತೇ. ಗುರಾಣಿ, ಅದನ್ನು ಹಿಡಿದು ನಿಂತ ಪ್ರಾಣಿಗಳು, ಮೇಲೊಂದು ಕಿರೀಟದ ಹಾಗಿನ ಗುರುತು, ಕೆಳಗೆ ಧ್ಯೇಯವಾಕ್ಯ, ಇದು ಯುರೋಪಿನ ರಾಜಮನೆತನಗಳ ಕೋಟ್ ಆಫ್ ಆರ್ಮ್ಸ್ ಕಟ್ಟುವ ರೀತಿ. ಮೈಸೂರು ಒಡೆಯರಿಂದ ನಮಗೆ ಬಂದದ್ದು. ದೇಶದ ಲಾಂಛನದಲ್ಲಿ ಗುರಾಣಿ ಇಲ್ಲ, ಅದು ಹಳೆಯ ಕಂಬದ ತಲೆ, ಅಷ್ಟೇ. ಹಾಗಾಗಿ ಕಟ್ಟುನಿಟ್ಟಾಗಿ ನೋಡಿದರೆ ದೇಶದ್ದು ಕೋಟ್ ಆಫ್ ಆರ್ಮ್ಸ್ ಅಲ್ಲ, ಕರ್ನಾಟಕದ್ದು ಹೌದು.

ರಾಜ್ಯದ ಲಾಂಛನ ಪೂರ್ತಿಯಾಗಿ, ಅಥವಾ ಗುರಾಣಿ, ಶರಭ ಸಮೇತ ತೆಗೆದುಕೊಂಡರೆ ಸಿಂಹದ ತೊಂದರೆಯೇ ಇಲ್ಲೂ ಬರುತ್ತದೆ. ರಾಜ್ಯಗಳ ಲಾಂಛನವನ್ನು ವ್ಯಾಪಾರ, ವೃತ್ತಿಗಳಿಗೆ ಬಳಸದ ಹಾಗೆ 1950ರ ಇನ್ನೊಂದು ಕಾಯ್ದೆ ತಡೆಯುತ್ತದೆ. ನಿಮ್ಮದು ವ್ಯಾಪಾರ ಅಲ್ಲ ನಿಜ, ಆದರೂ ನೋಡಿದವರಿಗೆ ಸರ್ಕಾರ ಅನ್ನಿಸುವುದು ತಪ್ಪುವುದಿಲ್ಲ. ಬರೀ ಹಕ್ಕಿ ಬೇರೆ ಮಾತು. ಗಂಡಭೇರುಂಡ ಯಾವ ಸರ್ಕಾರಕ್ಕಿಂತಲೂ ಹಳೆಯದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ಚಾಲುಕ್ಯರ ಅಧಿಕಾರಿ ಚಾಮುಂಡರಾಯರಸ ನಿಲ್ಲಿಸಿದ ಭೇರುಂಡ ಸ್ತಂಭ ಇದೆ. ಅಲ್ಲಿನ ಭೇರುಂಡನಿಗೆ ಮನುಷ್ಯನ ಮೈ, ಎರಡು ಹಕ್ಕಿ ತಲೆ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲೂ, ಕೆಳದಿ ರಾಮೇಶ್ವರ ಗುಡಿಯ ಛತ್ತಿನಲ್ಲೂ ಈ ಹಕ್ಕಿ ಇದೆ. ಅಂಥ ಹಳೆಯ ರೂಪ ನೋಡಿ ಹೊಸದಾಗಿ ಬರೆಸಿದರೆ ಸರ್ಕಾರದ್ದು ಅನ್ನಿಸುವ ಅಪಾಯ ಬಹಳ ಕಡಿಮೆ. ನನ್ನ ಅಡ್ಡಿ ಬೇರೆ. ಕೆಎಸ್ಆರ್‌ಟಿಸಿ ಬಸ್ಸಿನ ಮೇಲೂ ಅದೇ ಹಕ್ಕಿ, ಎಷ್ಟೋ ಸಂಸ್ಥೆಗಳ ಮೇಲೂ ಅದೇ. ಹಾನಗಲ್ ಸೀಮೆಯ ಒಂದು ಶಾಲೆ ಅಂತ ಅದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ನಿಮಗೆ ಸಿಂಹವೇ ಬೇಕು ಅಂತಿದ್ದರೆ ನಿಮ್ಮ ಊರಿನ ಸಿಂಹವನ್ನೇ ಯಾಕೆ ತರಬಾರದು? ಶಾಸನಗಳಲ್ಲಿ ಪಾನುಂಗಲ್ಲು ಅಂತ ಬರುವ ನಿಮ್ಮ ಹಾನಗಲ್ಲು ಕದಂಬರ ಒಂದು ಶಾಖೆಯ ರಾಜಧಾನಿ. ಕದಂಬರದು ಸಿಂಹ ಲಾಂಛನ, ವಾನರ ಧ್ವಜ. ಚಾಲುಕ್ಯರಿಗೆ ವರಾಹ, ಗಂಗರಿಗೆ ಆನೆ, ರಾಷ್ಟ್ರಕೂಟರಿಗೆ ಗರುಡ ಇದ್ದ ಹಾಗೆ ನಿಮ್ಮ ನೆಲದ ಅರಸರಿಗೆ ಸಿಂಹ ಇತ್ತು. ಸಾರನಾಥದ ಸಿಂಹ ತೆಗೆದರೆ ಏನೋ ಕಳೆದುಕೊಂಡ ಹಾಗೆ ಅಂತ ಸಂಘದವರಿಗೆ ಅನ್ನಿಸಿದರೆ ಇದನ್ನು ಹೇಳಿ. ಹಾಗೇ ಹಿರಿಯರು ಕೇಳಿದ ಕಮಲ ಕೂಡ ನಿಮ್ಮಲ್ಲೇ ಇದೆ, ತಾರಕೇಶ್ವರ ಗುಡಿಯ ಛತ್ತಿನಲ್ಲಿ. ಅಷ್ಟು ದೊಡ್ಡ ಕಲ್ಲಿನ ಕಮಲವನ್ನು ತಲೆಯೆತ್ತಿ ನೋಡಿದ ಮಕ್ಕಳ ಶಾಲೆ ನಿಮ್ಮದು. ನನ್ನನ್ನು ಕೇಳಿದರೆ ನಾನು ಸಿಂಹಕ್ಕಿಂತ ಮೊದಲು ಆ ಕಮಲವನ್ನೇ ಬರೆಯುತ್ತೇನೆ.

ಸಿಂಹ ಆರಿಸಿದರೆ ಒಂದು ಎಚ್ಚರ. ಒಂದೇ ಸಿಂಹ ಇರಲಿ, ಪಕ್ಕದಿಂದ ಕಾಣುವ ಹಾಗೆ ಇರಲಿ, ಕಾಲೆತ್ತಿದ್ದರೆ ಇನ್ನೂ ಒಳ್ಳೆಯದು. ಎದುರಿಗೆ ಮುಖ ಮಾಡಿದ ಸಿಂಹವನ್ನು ದುಂಡು ಪೀಠದ ಮೇಲೆ ಕೂರಿಸಿದ ಕೂಡಲೇ ಮತ್ತೆ ಮೊದಲಿನ ಜಾಗಕ್ಕೇ ಬಂದಿರಿ ಅಂತ ಅರ್ಥ. ಮೂರು ಆನೆ, ಮೂರು ನವಿಲು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ ತಂದವರನ್ನೂ ನಾನು ನೋಡಿದ್ದೇನೆ. ಆ ಜೋಡಣೆಯೇ ಸರ್ಕಾರವನ್ನು ನೆನಪಿಸುತ್ತದೆ, ಪ್ರಾಣಿ ಬದಲಾದರೆ ಸಾಲದು.

ಮತ್ತೆ, ದಯವಿಟ್ಟು ಎಲ್ಲವನ್ನೂ ಒಳಗೆ ತುಂಬಬೇಡಿ. ಶಾಲೆಯ ಲಾಂಛನ ಅಂದ ಕೂಡಲೇ ಉದಯಿಸುವ ಸೂರ್ಯ, ತೆರೆದ ಪುಸ್ತಕ, ದೀಪ, ಎರಡು ತೆನೆ, ಕೆಳಗೆ ರಿಬ್ಬನ್ ಬಂದುಬಿಡುತ್ತವೆ. ಸಮಿತಿಯಲ್ಲಿ ಎಂಟು ಜನ ಇದ್ದರೆ ಎಂಟು ವಸ್ತು. ಒಂದೇ ವಸ್ತು ಆರಿಸಿ. ಸಂವಿಧಾನದ ಮೂಲ ಪ್ರತಿಯನ್ನು ನಂದಲಾಲ್ ಬೋಸರ ಮಾರ್ಗದರ್ಶನದಲ್ಲಿ ಅಲಂಕರಿಸಿದಾಗ ಸಿಂಹಗಳನ್ನು ಬರೆಯುವ ಕೆಲಸ ಶಾಂತಿನಿಕೇತನದ ವಿದ್ಯಾರ್ಥಿ ದೀನಾನಾಥ ಭಾರ್ಗವರಿಗೆ ಸಿಕ್ಕಿತ್ತು. ಅವರು ಸುಮ್ನೆ ಕೂತು ಬರೆಯಲಿಲ್ಲ, ಕಲ್ಕತ್ತಾದ ಮೃಗಾಲಯಕ್ಕೆ ಹೋಗಿ ಜೀವಂತ ಸಿಂಹಗಳನ್ನು ನೋಡಿ ಬಂದರು. ನೀವೂ ಬರೆಯುವ ಹುಡುಗನನ್ನು ಕಂಪ್ಯೂಟರಿನ ಮುಂದೆ ಕೂರಿಸುವ ಮೊದಲು ಒಂದು ದಿನ ತಾರಕೇಶ್ವರ ಗುಡಿಗೆ ಕರೆದುಕೊಂಡು ಹೋಗಿ. ನೆಟ್ಟಿನಿಂದ ಇಳಿಸಿಕೊಂಡ ಚಿತ್ರಕ್ಕೂ ಅದಕ್ಕೂ ಅಜಗಜಾಂತರ.

ಬರೆದು ತಂದ ಮೇಲೆ ನಾನು ಮಾಡುವ ಪರೀಕ್ಷೆ ಹೇಳುತ್ತೇನೆ. ಕಪ್ಪು ಬಣ್ಣ ಒಂದರಲ್ಲೇ, ಒಂದೂವರೆ ಸೆಂಟಿಮೀಟರ್ ಅಗಲಕ್ಕೆ ಪ್ರಿಂಟ್ ತೆಗೆಯಿರಿ. ಅದನ್ನು ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸನ್ನು ಮತ್ತೆ ಜೆರಾಕ್ಸ್ ಮಾಡಿಸಿ. ಆಗಲೂ ಏನು ಅಂತ ಗೊತ್ತಾದರೆ ರಬ್ಬರ್ ಸ್ಟಾಂಪಿಗೂ ನಡೆಯುತ್ತದೆ, ಮೊಬೈಲಿನ ಸಣ್ಣ ಚಿತ್ರಕ್ಕೂ ನಡೆಯುತ್ತದೆ. ದೇಶದ ಲಾಂಛನಕ್ಕೇ ಎರಡು ರೂಪ ಇವೆ ಅಂತ ಬಹಳ ಜನರಿಗೆ ಗೊತ್ತಿಲ್ಲ. ಲೆಟರ್‌ಹೆಡ್ಡು, ಮೊಹರಿನಂಥ ಸಣ್ಣ ಅಳತೆಗೆ ಗೆರೆ ಕಡಿಮೆ ಇರುವ ರೂಪ, ದೊಡ್ಡದಕ್ಕೆ ವಿವರ ಇರುವ ರೂಪ. ನೀವೂ ಹಾಗೆ ಎರಡು ಮಾಡಿಸಿ. ಕಮಾನಿಗೆ ಒಂದು, ಕಾಗದಕ್ಕೆ ಒಂದು.

ಹೆಸರನ್ನು ವೃತ್ತದ ಸುತ್ತ ಬರೆಸುವ ಆಸೆ ಎಲ್ಲರಿಗೂ ಇರುತ್ತದೆ. ಕನ್ನಡಕ್ಕೆ ಅದು ಕಷ್ಟ. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ, ಮೇಲಿನ ಕಮಾನಿನಲ್ಲಿ ಅವೆಲ್ಲ ಒಳಗೆ ಒತ್ತಿಕೊಂಡು ಚಿತ್ರಕ್ಕೆ ತಾಗುತ್ತವೆ. "ವಿದ್ಯಾರ್ಥಿ" ಅನ್ನುವ ಪದ ಒಂದೇ ಸಾಕು ತೊಂದರೆ ಕೊಡೋಕೆ. ಚಿತ್ರದ ಕೆಳಗೆ ನೇರ ಸಾಲಿನಲ್ಲಿ ಬರೆಸಿ. ಧ್ಯೇಯವಾಕ್ಯ ಬೇಕಿದ್ದರೆ ಕನ್ನಡದಲ್ಲೇ ಇರಲಿ, ಎರಡು ಮೂರು ಪದ ಸಾಕು.

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ರಾಷ್ಟ್ರ ಲಾಂಛನದ ಬಗ್ಗೆ ಲೇಖನ ಹಾಕಿ ಅದರ ಚಿತ್ರವನ್ನೂ ಹಾಕಬಹುದಾ ಅಂತ ಮುಂದೆ ಯಾರಾದರೂ ಕೇಳಬಹುದು. ಅದರ ಹುಟ್ಟು, ಅರ್ಥ ವಿವರಿಸುವ ಬರಹದ ಒಳಗೆ ಹಾಕಲು ನಿಯಮದಲ್ಲಿ ಜಾಗ ಇದೆ. ಮುಖಪುಟದ ಮೇಲೆ ಮಾತ್ರ ಬೇಡ. ಅಂಥ ಲೇಖನ ಬರೆದರೆ ನಮ್ಮ ನೆಲದ ನಂಟನ್ನೂ ಸೇರಿಸಿ. ಅಶೋಕ ಅನ್ನುವ ಹೆಸರೇ ಇರುವ ಶಾಸನ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕಿತು. ಸನ್ನತಿ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅವನ ಶಿಲ್ಪವೇ ಇದೆ, ಕೆಳಗೆ ಬ್ರಾಹ್ಮಿಯಲ್ಲಿ ರಾಜ ಅಶೋಕ ಅಂತ ಹೆಸರೂ ಇದೆ.

ಇನ್ನು ಆ ಹಾಳೆಗಳು. ಸಭೆ ಕರೆದು ಒಂದು ಠರಾವು ಮಾಡಿ: ತಿಳಿಯದೆ ಮುದ್ರಿಸಿದ್ದೇವೆ, ಬಳಸುವುದನ್ನು ಇಂಥ ದಿನದಿಂದ ನಿಲ್ಲಿಸಿದ್ದೇವೆ ಅಂತ. ಉಳಿದ ಲೆಟರ್‌ಹೆಡ್ ಎಲ್ಲ ಹರಿದು ನಾಶ ಮಾಡಿ, ಎಷ್ಟು ಅಂತ ನಡಾವಳಿಯಲ್ಲಿ ಬರೆಯಿರಿ. ಸಿಂಹದ ಮೇಲೆ ಸ್ಟಿಕ್ಕರ್ ಅಂಟಿಸಿ ಬಳಸುವುದು ಬೇಡ, ಬೆಳಕಿಗೆ ಹಿಡಿದರೆ ಕಾಣುತ್ತದೆ, ಬೇಕಂತಲೇ ಮುಚ್ಚಿಟ್ಟ ಹಾಗೂ ಆಗುತ್ತದೆ. ಖಾಲಿ ರಸೀದಿ ಪುಸ್ತಕಗಳನ್ನೂ ಹಾಗೇ ಮಾಡಿ. ಆದರೆ ಈಗಾಗಲೇ ಹಣ ಪಡೆದ ರಸೀದಿಗಳ ಆಫೀಸ್ ಪ್ರತಿ ಮಾತ್ರ ಹರಿಯಬೇಡಿ, ಅದು ನಿಮ್ಮ ಲೆಕ್ಕ, ಆಡಿಟ್‌ಗೆ ಬೇಕು. ಕೊಟ್ಟವರಿಗೆ ಹೊಸ ರಸೀದಿ ಬರೆದು ಹಳೆಯದನ್ನು ವಾಪಸ್ ಪಡೆದು ಅದಕ್ಕೆ ಲಗತ್ತಿಸಿ. ಯಾರಿಂದಲಾದರೂ ನೋಟಿಸು ಬಂದರೆ ಈ ಠರಾವಿನ ಜೊತೆ ಒಬ್ಬ ವಕೀಲರ ಹತ್ತಿರ ಹೋಗಿ, ಉತ್ತರ ನೀವೇ ಬರೆಯಬೇಡಿ. ಪ್ರೆಸ್ಸಿನವರಿಗೂ ಒಂದು ಮಾತು ಹೇಳಿ, ಆ ಫೈಲನ್ನು ಅಳಿಸಲಿ. ಇಲ್ಲದಿದ್ದರೆ ಮುಂದಿನ ಸಲ ಬೇರೆ ಹುಡುಗ ಕೂತಿದ್ದರೆ ಹಳೆಯದನ್ನೇ ಹೊಡೆದು ಕೊಟ್ಟುಬಿಡುತ್ತಾನೆ.

ಕಮಾನಿಗೆ ಅವಸರ ಮಾಡಬೇಡಿ. ಸಮಾರಂಭದ ಹೊತ್ತಿಗೆ ಲಾಂಛನ ತಯಾರಾಗದಿದ್ದರೆ ನಡುವಿನ ಜಾಗ ಖಾಲಿ ಬಿಟ್ಟು, ಶಾಲೆಯ ಹೆಸರು ಮತ್ತು ಇಸವಿ ಬರೆಸಿ, ಅಷ್ಟೇ ಚೆನ್ನಾಗಿ ಕಾಣುತ್ತದೆ. ತಯಾರಾದ ಮೇಲೆ ಸಿಮೆಂಟು ಮುಟ್ಟುವ ಮೊದಲು ಅದನ್ನು ನಿಜವಾದ ಅಳತೆಗೆ ಕಾಗದದಲ್ಲಿ ಬರೆಸಿ ಕಮಾನಿನ ಮೇಲೆ ಕಟ್ಟಿ, ರಸ್ತೆಯ ಆಚೆ ಬದಿಯಿಂದ ನಿಂತು ನೋಡಿ. ನೋಡುವಾಗ ಆ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಕಮಲ ಇಲ್ಲ ಅಂತ ಮೊದಲು ಗಮನಿಸಿದವರು ಅವರೇ.